ರಾಬರ್ಟ್ ಮಾರ್ಕಸ್ ಗನ್

ರಾಬರ್ಟ್ ಮಾರ್ಕಸ್ ಗನ್ (1850 – ನವೆಂಬರ್ 29, 1909) ಲಂಡನ್ನಿನಲ್ಲಿ ಸೇವೆ ಸಲ್ಲಿಸಿದ ಸ್ಕಾಟ್ಲೆಂಡಿನ ಪ್ರಸಿದ್ಧ ನೇತ್ರವೈದ್ಯರು. ಹುಟ್ಟಿನಿಂದಲೇ ಮೇಲ್ರೆಪ್ಪೆ ಜೋತುಬಿದ್ದಿರುವ ಕೆಲವು ಮಕ್ಕಳಲ್ಲಿ, ದವಡೆ ಆಡಿಸಿದೊಡನೆ ಆ ರೆಪ್ಪೆ ತಾನಾಗಿ ಮೇಲೇಳುವ ವಿಚಿತ್ರ ಸ್ಥಿತಿಯನ್ನು 1883ರಲ್ಲಿ ಇವರು ವಿವರಿಸಿದರು. ಆ ಸ್ಥಿತಿಯು ಇಂದಿಗೂ ಮಾರ್ಕಸ್ ಗನ್ ದವಡೆ-ಮಿಟುಕು ಎಂಬ ಹೆಸರಿನಿಂದ ಪರಿಚಿತವಾಗಿದೆ. ದೃಷ್ಟಿನರದ ರೋಗವನ್ನು ಬೆಳಕಿನಿಂದ ಪತ್ತೆಹಚ್ಚುವ ಮಾರ್ಕಸ್ ಗನ್ ಪಾಪೆ, ಅಧಿಕ ರಕ್ತದೊತ್ತಡವಿರುವವರ ಅಕ್ಷಿಪಟಲದ ರಕ್ತನಾಳಗಳಲ್ಲಿ ಕಾಣುವ ಗನ್ ಚಿಹ್ನೆ, ಅಕ್ಷಿಪಟಲದ ಮೇಲೆ ಹೊಳೆಯುವ ಗನ್ ಚುಕ್ಕೆಗಳು ಇವೂ ಇವರ ಹೆಸರನ್ನೇ ಹೊತ್ತಿವೆ. ವೈದ್ಯವೃತ್ತಿಯ ಜೊತೆಗೆ ಇವರು ಪ್ರಾಣಿಗಳ ಕಣ್ಣಿನ ರಚನೆಯನ್ನೂ, ತಮ್ಮ ತಾಯ್ನಾಡಿನ ಸಸ್ಯ ಪಳೆಯುಳಿಕೆಗಳನ್ನೂ ಆಸಕ್ತಿಯಿಂದ ಅಧ್ಯಯನ ಮಾಡಿದರು.

ಜನನ ಮತ್ತು ವಿದ್ಯಾಭ್ಯಾಸ

ಗನ್ ಅವರು 1850ರಲ್ಲಿ ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ ಜನಿಸಿದರು. ಗನ್ ಎಂಬುದು ಆ ಸೀಮೆಯ ಹಳೆಯ ಕುಲನಾಮಗಳಲ್ಲೊಂದು. ಒಂದು ಕಡೆ ಗುಡ್ಡಗಾಡು, ಇನ್ನೊಂದು ಕಡೆ ಉತ್ತರ ಸಮುದ್ರ ಇರುವ ಆ ಪ್ರದೇಶದ ಬಂಡೆಗಳಲ್ಲಿ ಪ್ರಾಚೀನ ಜೀವಿಗಳ ಅವಶೇಷಗಳು ಹೇರಳವಾಗಿ ದೊರೆಯುತ್ತವೆ. ಈ ನೆಲದ ಮೇಲಿನ ಪ್ರೀತಿ ಅವರಲ್ಲಿ ಕೊನೆಯವರೆಗೂ ಉಳಿಯಿತು.

ಉನ್ನತ ಶಿಕ್ಷಣಕ್ಕಾಗಿ ಅವರು ಸೇಂಟ್ ಆ್ಯಂಡ್ರೂಸ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳಲ್ಲಿ ಓದಿದರು. 1873ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪಡೆದರು. ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಎಡಿನ್‌ಬರೋ ನಗರವು ವೈದ್ಯಶಿಕ್ಷಣದ ದೊಡ್ಡ ಕೇಂದ್ರವಾಗಿತ್ತು. ಗಾಯಕ್ಕೆ ನಂಜು ಏರದಂತೆ ಕಾರ್ಬಾಲಿಕ್ ಆಮ್ಲ ಬಳಸುವ ಪದ್ಧತಿಯನ್ನು ಬಳಕೆಗೆ ತಂದ ಜೋಸೆಫ್ ಲಿಸ್ಟರ್ 1869ರಿಂದ ಅಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದರು. ನೇತ್ರವೈದ್ಯಶಾಸ್ತ್ರದಲ್ಲಿ ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್ ಅವರ ಹೆಸರು ದೊಡ್ಡದಾಗಿತ್ತು. ಹತ್ತಿರದ ವಸ್ತುವನ್ನು ನೋಡುವಾಗ ಕಿರಿದಾಗುವ, ಆದರೆ ಬೆಳಕಿಗೆ ಕಿರಿದಾಗದ ಪಾಪೆಯನ್ನು ರಾಬರ್ಟ್‌ಸನ್ 1869ರಲ್ಲಿ ವಿವರಿಸಿದ್ದರು. ಈ ಇಬ್ಬರು ಗುರುಗಳ ಪ್ರಭಾವ ಗನ್ ಅವರ ಮುಂದಿನ ಬದುಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಶುಚಿತ್ವದ ಶಿಸ್ತು ಲಿಸ್ಟರ್ ಅವರಿಂದ ಬಂದರೆ, ಕಣ್ಣಿನ ಸಣ್ಣ ಚಲನೆಯಲ್ಲೂ ನರಮಂಡಲದ ಸುಳಿವನ್ನು ಹುಡುಕುವ ಅಭ್ಯಾಸ ರಾಬರ್ಟ್‌ಸನ್ ಅವರಿಂದ ಬಂದಿತು.

ಅದು ನೇತ್ರವೈದ್ಯಶಾಸ್ತ್ರವು ವೇಗವಾಗಿ ಬೆಳೆಯುತ್ತಿದ್ದ ಕಾಲವೂ ಹೌದು. ಜೀವಂತ ಮನುಷ್ಯನ ಕಣ್ಣಿನ ಒಳಭಾಗವನ್ನು ನೋಡಲು ಸಾಧ್ಯವಾಗಿಸಿದ ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಪಡಿಸಿದ್ದರು. ಗನ್ ಅವರ ವಯಸ್ಸೂ ಆ ಉಪಕರಣದ ವಯಸ್ಸೂ ಹೆಚ್ಚುಕಡಿಮೆ ಒಂದೇ. ಅವರ ಸಂಶೋಧನೆಗಳ ಬಹುಭಾಗ ಅದನ್ನೇ ಆಧರಿಸಿದೆ.

ಆರಂಭದ ವರ್ಷಗಳು

ಪದವಿಯ ನಂತರ ಗನ್ ಅವರು ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಅನುಭವ ಪಡೆದರು. ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರಜ್ಞ ಎಡ್ವರ್ಡ್ ಶೇಫರ್ ಅವರೊಂದಿಗೆ ವಿವಿಧ ಪ್ರಾಣಿಗಳ ಕಣ್ಣುಗಳ ತುಲನಾತ್ಮಕ ರಚನೆಯನ್ನು ಅಭ್ಯಸಿಸಿದರು. ಸ್ಕಾಟ್ಲೆಂಡಿನ ಪರ್ತ್ ಜಿಲ್ಲೆಯ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲವು ತಿಂಗಳು ಕೆಲಸ ಮಾಡಿದಾಗ, ಅಲ್ಲಿನ ರೋಗಿಗಳ ಕಣ್ಣಿನ ಒಳಭಾಗವನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ಪದ್ಧತಿಯನ್ನು ತಂದರು. ಕಣ್ಣಿನ ದೂರು ಹೇಳದ ರೋಗಿಯ ಕಣ್ಣನ್ನೂ ನೋಡಬೇಕೆಂಬ ಈ ನಿಲುವು ಅಂದಿಗೆ ಹೊಸದಾಗಿತ್ತು.

ಬಳಿಕ ಅವರು ವಿಯೆನ್ನಾಕ್ಕೆ ತೆರಳಿ ಎಡ್ವರ್ಡ್ ಯೇಗರ್ ಅವರಲ್ಲಿ ಅಧ್ಯಯನ ನಡೆಸಿದರು. ಹತ್ತಿರದ ದೃಷ್ಟಿಯನ್ನು ಅಳೆಯಲು ಬೇರೆಬೇರೆ ಗಾತ್ರದ ಅಚ್ಚಕ್ಷರಗಳ ಪಟ್ಟಿಯನ್ನು ರೂಪಿಸಿದವರು ಯೇಗರ್. ಅಕ್ಷಿಪಟಲವನ್ನು ನೋಡಿ ನೋಡಿ ಬಣ್ಣದಲ್ಲಿ ಚಿತ್ರಿಸಿದ ಅವರ ಚಿತ್ರಸಂಪುಟವೂ ಹೆಸರುವಾಸಿಯಾಗಿತ್ತು. ಕಂಡದ್ದನ್ನು ಕಂಡ ಹಾಗೆಯೇ ದಾಖಲಿಸುವ ತಾಳ್ಮೆಯನ್ನು ಗನ್ ಇಲ್ಲಿ ರೂಢಿಸಿಕೊಂಡರು.

1876ರಲ್ಲಿ ಅವರು ಮೂರ್‌ಫೀಲ್ಡ್ಸ್ ಆಸ್ಪತ್ರೆಯ ನಿವಾಸಿ ವೈದ್ಯರಾದರು. ಲಿಸ್ಟರ್ ಅವರಿಂದ ಕಲಿತ ನಂಜುನಿವಾರಕ ಕ್ರಮಗಳನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಅಳವಡಿಸುವುದರಲ್ಲಿ ಅವರ ಪಾತ್ರ ಗಮನಾರ್ಹವಾದುದು. ಕಣ್ಣಿಗೆ ನಂಜು ತಗುಲಿದರೆ ಎಷ್ಟೇ ಕುಶಲವಾಗಿ ನಡೆದ ಶಸ್ತ್ರಚಿಕಿತ್ಸೆಯೂ ವ್ಯರ್ಥವಾಗುತ್ತಿದ್ದ ಕಾಲ ಅದು. 1879ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಪ್ರಯಾಣ ಬೆಳೆಸಿ, ಆ ಖಂಡದ ವಿಶಿಷ್ಟ ಪ್ರಾಣಿಗಳ ಕಣ್ಣುಗಳನ್ನು ಅಧ್ಯಯನಕ್ಕಾಗಿ ಸಂಗ್ರಹಿಸಿದರು.

ಲಂಡನ್ನಿನ ವೃತ್ತಿಜೀವನ

1882ರಲ್ಲಿ ಗನ್ ಅವರು ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಫೆಲೋ ಆದರು. ಮೂರ್‌ಫೀಲ್ಡ್ಸ್ ಆಸ್ಪತ್ರೆಯಲ್ಲಿ ಮೊದಲು ಸಹಾಯಕ ಶಸ್ತ್ರವೈದ್ಯರಾಗಿ, ಅನಂತರ ಶಸ್ತ್ರವೈದ್ಯರಾಗಿ ದೀರ್ಘಕಾಲ ದುಡಿದರು. ಇದರ ಜೊತೆಗೆ ಲಂಡನ್ನಿನ ಇನ್ನೆರಡು ಸಂಸ್ಥೆಗಳೊಂದಿಗೆ ಅವರ ಸಂಬಂಧವಿತ್ತು. ಒಂದು, ಗ್ರೇಟ್ ಆರ್ಮಂಡ್ ಬೀದಿಯ ಮಕ್ಕಳ ಆಸ್ಪತ್ರೆ. 1852ರಲ್ಲಿ ಕೇವಲ 10 ಹಾಸಿಗೆಗಳೊಂದಿಗೆ ಆರಂಭವಾದ ಇದು ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿಯೇ ಹಾಸಿಗೆಗಳನ್ನಿಟ್ಟ ಮೊದಲ ಆಸ್ಪತ್ರೆ. ಇನ್ನೊಂದು, ಕ್ವೀನ್ ಸ್ಕ್ವೇರ್‌ನಲ್ಲಿದ್ದ ಪಾರ್ಶ್ವವಾಯು ಮತ್ತು ಮೂರ್ಛೆರೋಗಿಗಳ ರಾಷ್ಟ್ರೀಯ ಆಸ್ಪತ್ರೆ.

ಈ ಮೂರು ಆಸ್ಪತ್ರೆಗಳ ಸಂಗಮವೇ ಅವರ ಕೆಲಸಕ್ಕೆ ವಿಶಿಷ್ಟ ಸ್ವರೂಪ ನೀಡಿತು. ಮೊದಲನೆಯದರಲ್ಲಿ ಕಣ್ಣು, ಎರಡನೆಯದರಲ್ಲಿ ಮಕ್ಕಳು, ಮೂರನೆಯದರಲ್ಲಿ ನರಮಂಡಲ. ಕಣ್ಣನ್ನು ದೇಹದಿಂದ ಬೇರ್ಪಟ್ಟ ಅಂಗವೆಂದು ನೋಡದೆ, ಮಿದುಳು, ನರ ಮತ್ತು ರಕ್ತನಾಳಗಳ ಸ್ಥಿತಿಯನ್ನು ತಿಳಿಸುವ ಅಂಗವೆಂದು ನೋಡಿದವರಲ್ಲಿ ಅವರು ಪ್ರಮುಖರು.

1883ರ ವರದಿ

ಬ್ರಿಟನ್ನಿನ ನೇತ್ರವೈದ್ಯರ ಸಂಘವು 1880ರಲ್ಲಿ ಸ್ಥಾಪನೆಯಾಗಿತ್ತು. ಅಪರೂಪದ ರೋಗಿಗಳನ್ನು ಸಭೆಯ ಮುಂದೆ ಪರಿಚಯಿಸಿ ಚರ್ಚಿಸುವುದು ಅದರ ವಾಡಿಕೆ. 1883ರಲ್ಲಿ ಗನ್ ಅವರು ಈ ಸಂಘಕ್ಕೆ 15 ವರ್ಷದ ಬಾಲಕಿಯೊಬ್ಬಳ ವಿಷಯವನ್ನು ತಿಳಿಸಿದರು. ಅವಳ ಒಂದು ಕಣ್ಣಿನ ಮೇಲ್ರೆಪ್ಪೆ ಹುಟ್ಟಿನಿಂದಲೇ ಜೋತುಬಿದ್ದಿತ್ತು. ಅಂತಹ ಮಕ್ಕಳನ್ನು ವೈದ್ಯರು ಮೊದಲೂ ಕಂಡಿದ್ದರು. ಆದರೆ ಇವಳಲ್ಲಿ ಹೊಸದೊಂದು ಸಂಗತಿ ಇತ್ತು. ದವಡೆಯನ್ನು ಚಲಿಸಿದಾಗ, ಸಾಮಾನ್ಯವಾಗಿ ಏಳಲಾರದ ಆ ರೆಪ್ಪೆ ಥಟ್ಟನೆ ಮೇಲೇರುತ್ತಿತ್ತು. ದವಡೆ ಮೊದಲಿನ ಸ್ಥಾನಕ್ಕೆ ಬಂದೊಡನೆ ರೆಪ್ಪೆ ಮತ್ತೆ ಕೆಳಗಿಳಿಯುತ್ತಿತ್ತು.

ನೋಡುವವರಿಗೆ ಇದು ಕಣ್ಣು ಮಿಟುಕಿಸಿದಂತೆ ತೋರುತ್ತದೆ. ಆದ್ದರಿಂದಲೇ ದವಡೆ-ಮಿಟುಕು ಎಂಬ ಹೆಸರು ಬಂದಿತು. ವಾಸ್ತವವಾಗಿ ಈ ಹೆಸರು ಅಷ್ಟು ಸರಿಯಲ್ಲ. ಮಿಟುಕಿಸುವಾಗ ರೆಪ್ಪೆ ಮುಚ್ಚುತ್ತದೆ. ಇಲ್ಲಿ ಮುಖ್ಯ ಚಲನೆ ಎಂದರೆ ರೆಪ್ಪೆ ತೆರೆಯುವುದು. ಗನ್ ಅವರು ತಮ್ಮ ವರದಿಯ ಶೀರ್ಷಿಕೆಯಲ್ಲಿ ಮಿಟುಕು ಎಂಬ ಪದವನ್ನು ಬಳಸಲಿಲ್ಲ. ಹುಟ್ಟಿನಿಂದ ಬಂದ ಜೋಲುರೆಪ್ಪೆ ಮತ್ತು ಅದರೊಂದಿಗೆ ಕೂಡಿಬಂದ ವಿಲಕ್ಷಣ ಚಲನೆ ಎಂಬರ್ಥದ ಸರಳ ಶೀರ್ಷಿಕೆಯನ್ನೇ ಇಟ್ಟರು.

ಗನ್ ಅವರು ಈ ಚಲನೆಯನ್ನು ದವಡೆಯ ಒಂದು ನಿರ್ದಿಷ್ಟ ಸ್ನಾಯುವಿನ ಕೆಲಸದೊಂದಿಗೆ ಹೊಂದಿಸಿ ನೋಡಿದರು. ಕೆಳದವಡೆಯನ್ನು ಮುಂದಕ್ಕೂ ಪಕ್ಕಕ್ಕೂ ಸರಿಸುವ ಟೆರಿಗಾಯ್ಡ್ ಸ್ನಾಯು ಸಂಕುಚಿಸಿದಾಗಲೇ ಅದೇ ಬದಿಯ ರೆಪ್ಪೆ ಏಳುತ್ತಿತ್ತು. ಎಡಬದಿಯ ಈ ಸ್ನಾಯು ದವಡೆಯನ್ನು ಬಲಕ್ಕೆ ತಳ್ಳುತ್ತದೆ. ಹೀಗಾಗಿ ಎಡರೆಪ್ಪೆ ಜೋತುಬಿದ್ದಿರುವ ಮಗುವಿನಲ್ಲಿ ದವಡೆ ಬಲಕ್ಕೆ ಸರಿದಾಗ ರೆಪ್ಪೆ ಏಳುವುದು ಕಾಣುತ್ತದೆ. ಬಾಯನ್ನು ಅಗಲವಾಗಿ ತೆರೆದಾಗ ಮತ್ತು ದವಡೆಯನ್ನು ಮುಂದಕ್ಕೆ ಚಾಚಿದಾಗಲೂ ಹೀಗೆಯೇ ಆಗುತ್ತದೆ. ಹಲ್ಲು ಕಚ್ಚಿದಾಗ ರೆಪ್ಪೆ ಏಳುವ ಇನ್ನೊಂದು ಬಗೆಯೂ ಉಂಟು, ಆದರೆ ಅದು ವಿರಳ.

ಕಾರಣದ ಶೋಧ

ರೆಪ್ಪೆಯನ್ನು ಎತ್ತುವ ಲಿವೇಟರ್ ಸ್ನಾಯುವಿಗೆ ಮಿದುಳಿನಿಂದ ಹೊರಡುವ ಮೂರನೆಯ ಕಪಾಲ ನರ ಆಜ್ಞೆ ನೀಡುತ್ತದೆ. ಅಗಿಯುವ ಸ್ನಾಯುಗಳಿಗೆ ಐದನೆಯ ಕಪಾಲ ನರ ಆಜ್ಞೆ ನೀಡುತ್ತದೆ. ಇವೆರಡೂ ಬೇರೆಬೇರೆ ದಾರಿಗಳು. ದವಡೆಯ ಆಜ್ಞೆ ರೆಪ್ಪೆಗೆ ಹೇಗೆ ತಲುಪಿತು ಎಂಬುದೇ 1883ರಲ್ಲಿ ಎದ್ದ ಪ್ರಶ್ನೆ. ಈ ಸ್ಥಿತಿಯಲ್ಲಿ ಲಿವೇಟರ್ ಸ್ನಾಯುವಿಗೆ ತನ್ನ ನರದ ಜೊತೆಗೆ ಐದನೆಯ ನರದ ಎಳೆಗಳೂ ಸೇರಿರಬೇಕು ಎಂಬ ಅಭಿಪ್ರಾಯ ಆಗಲೇ ರೂಪುಗೊಂಡಿತು. ಇಂದಿನ ತಿಳಿವಳಿಕೆಯೂ ಇದರಿಂದ ದೂರವಿಲ್ಲ. ಗರ್ಭಸ್ಥ ಶಿಶುವಿನ ಬೆಳವಣಿಗೆಯ ಹಂತದಲ್ಲಿ ಐದನೆಯ ನರದ ಚಾಲಕ ಎಳೆಗಳು ದಾರಿತಪ್ಪಿ ಲಿವೇಟರ್ ಸ್ನಾಯುವಿಗೆ ಸೇರಿಕೊಂಡಿರುತ್ತವೆ ಎಂದು ವಿವರಿಸಲಾಗುತ್ತದೆ.

ಇದನ್ನು ಮನೆಯ ವಿದ್ಯುತ್ ತಂತಿಗೆ ಹೋಲಿಸಬಹುದು. ಒಂದು ಕೋಣೆಯ ಗುಂಡಿ ಒತ್ತಿದಾಗ ಪಕ್ಕದ ಕೋಣೆಯ ದೀಪವೂ ಹೊತ್ತಿಕೊಂಡರೆ ದೋಷವಿರುವುದು ದೀಪದಲ್ಲಲ್ಲ, ತಂತಿ ಎಳೆದ ದಾರಿಯಲ್ಲಿ. ಗರ್ಭಿಣಿಯಾಗಿದ್ದಾಗ ತಾಯಿ ಮಾಡಿದ ಅಥವಾ ಮಾಡದ ಯಾವುದೇ ಕೆಲಸ, ನೋಡಿದ ಗ್ರಹಣ, ತಿಂದ ಆಹಾರ ಇವು ಈ ಸ್ಥಿತಿಗೆ ಕಾರಣವಲ್ಲ. ಹೆಚ್ಚಿನ ಪ್ರಸಂಗಗಳಲ್ಲಿ ಕುಟುಂಬದ ಬೇರೆ ಯಾರಲ್ಲೂ ಇದು ಇರುವುದಿಲ್ಲ.

ಜೋಲುರೆಪ್ಪೆಯ ಮಕ್ಕಳು

ವೈದ್ಯರು ಟೋಸಿಸ್ ಎಂದು ಕರೆಯುವ ಜೋಲುರೆಪ್ಪೆ ಹುಟ್ಟಿನಿಂದಲೇ ಬಂದಿದ್ದರೆ, ಸಾಮಾನ್ಯವಾಗಿ ಲಿವೇಟರ್ ಸ್ನಾಯುವು ಸರಿಯಾಗಿ ಬೆಳೆಯದಿರುವುದೇ ಅದಕ್ಕೆ ಕಾರಣ. ಸ್ನಾಯುವಿನ ಎಳೆಗಳ ಜಾಗದಲ್ಲಿ ನಾರು ಮತ್ತು ಕೊಬ್ಬು ಸೇರಿಕೊಂಡಿರುತ್ತದೆ. ಅಂತಹ ಸ್ನಾಯು ಸರಿಯಾಗಿ ಸಂಕುಚಿಸಲಾರದು, ಸರಿಯಾಗಿ ಸಡಿಲಗೊಳ್ಳಲೂ ಆರದು. ಆದ್ದರಿಂದ ಮಗು ಕೆಳಗೆ ನೋಡುವಾಗ ಜೋಲುರೆಪ್ಪೆ ಇನ್ನೊಂದು ರೆಪ್ಪೆಗಿಂತ ತುಸು ಮೇಲೆಯೇ ನಿಲ್ಲುವುದುಂಟು. ಹುಟ್ಟಿನಿಂದ ಬಂದ ಜೋಲುರೆಪ್ಪೆಯುಳ್ಳ ಮಕ್ಕಳಲ್ಲಿ ನೂರಕ್ಕೆ 2ರಿಂದ 13ರಷ್ಟು ಮಂದಿಯಲ್ಲಿ ಗನ್ ವಿವರಿಸಿದ ದವಡೆಯ ಸಂಬಂಧ ಕಂಡುಬರುತ್ತದೆ ಎಂಬುದು ಬೇರೆಬೇರೆ ಅಧ್ಯಯನಗಳ ಲೆಕ್ಕ.

ಗನ್ ಅವರು ನೋಡಿದ ಬಾಲಕಿಗೆ 15 ವರ್ಷವಾಗಿದ್ದರೂ, ಈ ಚಲನೆಯು ಹಸುಗೂಸಿನಲ್ಲಿಯೇ ಗೋಚರಿಸುತ್ತದೆ. ಇದನ್ನು ಮೊದಲು ಗಮನಿಸುವವರು ಬಹುತೇಕ ತಾಯಂದಿರೇ. ಕೂಸು ಮೊಲೆ ಹಾಲನ್ನೋ ಬಾಟಲಿ ಹಾಲನ್ನೋ ಚೀಪುವಾಗ, ಪ್ರತಿ ಗುಟುಕಿಗೂ ಜೋಲುರೆಪ್ಪೆ ತಾಳ ಹಾಕಿದಂತೆ ಏಳುತ್ತ ಇಳಿಯುತ್ತ ಇರುತ್ತದೆ. ವೈದ್ಯರ ಕೋಣೆಯಲ್ಲಿ ಮಲಗಿರುವ ಅಥವಾ ಅಳುತ್ತಿರುವ ಕೂಸಿನಲ್ಲಿ ಇದು ಕಾಣದೆಹೋಗಬಹುದು. ಆದ್ದರಿಂದ ಜೋಲುರೆಪ್ಪೆಯ ಮಗುವನ್ನು ಪರೀಕ್ಷಿಸುವಾಗ ಅದಕ್ಕೆ ಹಾಲು ಕುಡಿಸಿ ನೋಡುವುದು, ದೊಡ್ಡ ಮಗುವಾದರೆ ಏನಾದರೂ ಅಗಿಯಲು ಕೊಟ್ಟು ನೋಡುವುದು ರೂಢಿಗೆ ಬಂದಿದೆ. ತಾಯಿ ಹೇಳುವ ಮಾತನ್ನು ಕಿವಿಗೊಟ್ಟು ಕೇಳುವುದು ಈ ರೋಗನಿರ್ಣಯದ ಮೊದಲ ಹೆಜ್ಜೆಯಾಗಿದೆ.

ದೃಷ್ಟಿಯ ರಕ್ಷಣೆ

ಜೋಲುರೆಪ್ಪೆಯನ್ನು ಅಂದದ ಪ್ರಶ್ನೆಯೆಂದು ಮಾತ್ರ ತಿಳಿಯುವುದು ತಪ್ಪು. ಮಗುವಿನ ಮಿದುಳು ನೋಡಲು ಕಲಿಯುವುದು ಬಾಲ್ಯದ ಮೊದಲ ವರ್ಷಗಳಲ್ಲಿ. ಆ ಅವಧಿಯಲ್ಲಿ ಒಂದು ಕಣ್ಣಿನಿಂದ ಸ್ಪಷ್ಟ ಬಿಂಬ ಬಾರದಿದ್ದರೆ ಮಿದುಳು ಆ ಕಣ್ಣನ್ನು ಕಡೆಗಣಿಸುತ್ತದೆ. ಇದನ್ನು ಮಂದದೃಷ್ಟಿ ಅಥವಾ ಸೋಮಾರಿ ಕಣ್ಣು ಎನ್ನುತ್ತಾರೆ. ರೆಪ್ಪೆ ಪಾಪೆಯನ್ನು ಮುಚ್ಚಿದರೆ ಹೀಗಾಗುತ್ತದೆ. ಪಾಪೆ ಮುಚ್ಚದಿದ್ದರೂ ಅಪಾಯವಿಲ್ಲವೆಂದಲ್ಲ. ರೆಪ್ಪೆಯ ಒತ್ತಡದಿಂದ ಕಣ್ಣಿನ ಮುಂಭಾಗದ ಬಾಗು ಬದಲಾಗಿ ಎರಡೂ ಕಣ್ಣುಗಳ ಕನ್ನಡಕದ ಅಳತೆ ಬೇರೆಬೇರೆಯಾಗಬಹುದು. ಗನ್ ವಿವರಿಸಿದ ಸ್ಥಿತಿಯುಳ್ಳ ಮಕ್ಕಳಲ್ಲಿ ಮೆಳ್ಳೆಗಣ್ಣೂ ಹೆಚ್ಚಾಗಿ ಕಂಡುಬರುತ್ತದೆ. ಇವೆಲ್ಲವೂ ಮಂದದೃಷ್ಟಿಗೆ ದಾರಿಯಾಗುತ್ತವೆ. ಬೆಳೆದ ಮೇಲೆ ರೆಪ್ಪೆಯನ್ನು ಎತ್ತಿ ಕಟ್ಟಬಹುದು, ಆದರೆ ಬಾಲ್ಯದಲ್ಲಿ ಕಲಿಯದ ದೃಷ್ಟಿಯನ್ನು ಅನಂತರ ಪೂರ್ಣವಾಗಿ ಮರಳಿ ಪಡೆಯುವುದು ಕಷ್ಟ.

ಆದ್ದರಿಂದ ಜೋಲುರೆಪ್ಪೆಯ ಕೂಸನ್ನು ಆದಷ್ಟು ಬೇಗ ನೇತ್ರವೈದ್ಯರಿಗೆ ತೋರಿಸಿ, ನಿಯತಕಾಲದಲ್ಲಿ ಮರುಪರೀಕ್ಷೆ ಮಾಡಿಸುತ್ತಿರುವುದು ಆರೈಕೆಯ ಮುಖ್ಯ ಅಂಗ. ಕಣ್ಣಿಗೆ ಔಷಧದ ಹನಿ ಹಾಕಿ ಕನ್ನಡಕದ ಅಳತೆ ನೋಡಲಾಗುತ್ತದೆ. ಅಗತ್ಯವಿದ್ದರೆ ಕನ್ನಡಕ ಕೊಡಲಾಗುತ್ತದೆ. ಮಂದದೃಷ್ಟಿ ಕಂಡುಬಂದರೆ ಚೆನ್ನಾಗಿರುವ ಕಣ್ಣನ್ನು ದಿನಕ್ಕೆ ಇಂತಿಷ್ಟು ಹೊತ್ತು ಪಟ್ಟಿಯಿಂದ ಮುಚ್ಚಿ, ಮಂದವಾದ ಕಣ್ಣಿಗೆ ಕೆಲಸ ಕೊಡಲಾಗುತ್ತದೆ. ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಪಟ್ಟಿ ಕಿತ್ತೆಸೆಯುವ ಮಗುವನ್ನು ಸಮಾಧಾನಪಡಿಸಿ ದಿನದಿನವೂ ಇದನ್ನು ನಡೆಸಿಕೊಂಡು ಹೋಗುವ ಭಾರ ಮನೆಯವರ ಮೇಲಿರುತ್ತದೆ.

ಕೆಲವು ಮಕ್ಕಳು ಗಲ್ಲವನ್ನು ಮೇಲೆತ್ತಿ, ಹುಬ್ಬೇರಿಸಿ, ಹಣೆ ಸುಕ್ಕುಗಟ್ಟಿಸಿ ನೋಡುತ್ತವೆ. ಇದು ಹಟವೂ ಅಲ್ಲ, ಗರ್ವವೂ ಅಲ್ಲ. ರೆಪ್ಪೆಯ ಕೆಳಗಿನಿಂದ ನೋಡಲು ಮಗು ತಾನೇ ಕಂಡುಕೊಂಡ ಉಪಾಯ. ಎರಡೂ ಕಣ್ಣುಗಳನ್ನು ಬಳಸಲು ಮಗು ಪ್ರಯತ್ನಿಸುತ್ತಿದೆ ಎಂಬುದರ ಸೂಚನೆಯೂ ಹೌದು. ಮೊದಲು ಗಲ್ಲವೆತ್ತಿ ನೋಡುತ್ತಿದ್ದ ಮಗು ಒಮ್ಮೆಲೇ ಆ ಅಭ್ಯಾಸ ಬಿಟ್ಟರೆ, ಅದು ಒಂದು ಕಣ್ಣಿನ ಬಳಕೆಯನ್ನೇ ಬಿಟ್ಟಿರಬಹುದೆಂದು ಸಂಶಯಿಸಿ ಪರೀಕ್ಷಿಸಬೇಕಾಗುತ್ತದೆ. ಶಾಲೆಯಲ್ಲಿ ಇಂತಹ ಮಗುವಿಗೆ ತಲೆ ತಗ್ಗಿಸು ಎಂದು ಗದರುವುದರಿಂದ ಅದರ ನೋಟವೇ ಮುಚ್ಚಿಹೋಗುತ್ತದೆ. ಕರಿಹಲಗೆ ಕಾಣುವ ಜಾಗದಲ್ಲಿ ಕೂರಿಸುವುದು, ಸಹಪಾಠಿಗಳು ಅಡ್ಡಹೆಸರಿಟ್ಟು ಕರೆಯದಂತೆ ನೋಡಿಕೊಳ್ಳುವುದು ಶಿಕ್ಷಕರಿಂದ ಆಗಬಹುದಾದ ಸಹಾಯ. ದವಡೆ-ಮಿಟುಕು ಇರುವ ಮಕ್ಕಳು ಇತರರೆದುರು ಊಟ ಮಾಡಲು ನಾಚುವುದುಂಟು. ಬೆಳೆಯುತ್ತ ಅನೇಕರು ದವಡೆ ಆಡಿಸುವ ಬಗೆಯನ್ನು ಬದಲಿಸಿಕೊಂಡು ರೆಪ್ಪೆಯ ಚಲನೆಯನ್ನು ಮರೆಮಾಚಲು ಕಲಿಯುತ್ತಾರೆ.

ಹುಟ್ಟಿದಾಗ ಸರಿಯಿದ್ದ ರೆಪ್ಪೆ ಅನಂತರ ಜೋತುಬಿದ್ದರೆ, ಎರಡು ಪಾಪೆಗಳ ಗಾತ್ರ ಬೇರೆಯಾಗಿ ಕಂಡರೆ, ಬೆಳಿಗ್ಗೆ ಕಡಿಮೆಯಿದ್ದು ಸಂಜೆಗೆ ಜೋಲು ಹೆಚ್ಚಾದರೆ ಅದು ಬೇರೆ ರೋಗದ ಲಕ್ಷಣವಾಗಿರಬಹುದು. ಅಂತಹ ಸಂದರ್ಭದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಮಗುವಿನ ಹಳೆಯ ಭಾವಚಿತ್ರಗಳು ಇಂತಹ ವೇಳೆ ಬಹಳ ಉಪಯೋಗಕ್ಕೆ ಬರುತ್ತವೆ.

ಶಸ್ತ್ರಚಿಕಿತ್ಸೆಯ ಬೆಳವಣಿಗೆ

ಗನ್ ಅವರ ಕಾಲದಲ್ಲಿ ಜೋಲುರೆಪ್ಪೆಯ ಶಸ್ತ್ರಚಿಕಿತ್ಸೆ ಇನ್ನೂ ಎಳೆಯ ಹಂತದಲ್ಲಿತ್ತು. ಹೆಚ್ಚಾದ ಚರ್ಮವನ್ನು ಕತ್ತರಿಸಿ ತೆಗೆಯುವ ಹಳೆಯ ವಿಧಾನದಿಂದ ರೆಪ್ಪೆಗೆ ಎತ್ತುವ ಶಕ್ತಿ ಬರುತ್ತಿರಲಿಲ್ಲ. ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಹಿರಿಯರಾದ ವಿಲಿಯಂ ಬೋಮನ್ ಅವರು ಲಿವೇಟರ್ ಸ್ನಾಯುವನ್ನೇ ಮೊಟಕುಗೊಳಿಸುವ ವಿಧಾನವನ್ನು 1850ರ ದಶಕದಲ್ಲಿ ಪ್ರಯತ್ನಿಸಿದ್ದರು. ಗನ್ ಅವರ ವರದಿ ಬಂದ 1883ರಲ್ಲಿಯೇ ಜರ್ಮನಿಯ ಎವರ್‌ಬುಶ್ ಅವರು ರೆಪ್ಪೆಯ ಹೊರಗಿನ ಚರ್ಮದ ಮೂಲಕ ಆ ಸ್ನಾಯುವನ್ನು ತಲುಪಿ ಮೊಟಕುಗೊಳಿಸುವ ಕ್ರಮವನ್ನು ವಿವರಿಸಿದರು. ಸ್ನಾಯುವಿನಲ್ಲಿ ಬಲವೇ ಇಲ್ಲದಿದ್ದಾಗ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಜೋಡಿಸಿ, ಹುಬ್ಬೇರಿಸಿದಾಗ ರೆಪ್ಪೆಯೂ ಏಳುವಂತೆ ಮಾಡುವ ಇನ್ನೊಂದು ಮಾರ್ಗವೂ ಅದೇ ಕಾಲದಲ್ಲಿ ಬೆಳೆಯಿತು. ಈ ಜೋಡಣೆಗೆ ತೊಡೆಯ ಗಟ್ಟಿಪೊರೆಯ ಪಟ್ಟಿಯನ್ನು ಬಳಸುವ ವಿಧಾನವನ್ನು ಪೇಯರ್ ಅವರು ಗನ್ ನಿಧನರಾದ 1909ರಲ್ಲಿ ಪ್ರಕಟಿಸಿದರು.

ಇಂದು ಸ್ನಾಯುವಿನ ಬಲವನ್ನು ಅಳೆದು ವಿಧಾನವನ್ನು ಆರಿಸಲಾಗುತ್ತದೆ. ರೆಪ್ಪೆ ಪಾಪೆಯನ್ನು ಮುಚ್ಚಿ ದೃಷ್ಟಿಗೆ ಅಪಾಯ ತಂದಿದ್ದರೆ ಹಸುಗೂಸಿಗೂ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಆಗ ಸಿಲಿಕೋನ್ ಎಳೆಯಂತಹ ವಸ್ತುಗಳನ್ನು ಬಳಸುತ್ತಾರೆ. ಅಪಾಯವಿಲ್ಲದಿದ್ದರೆ ಮಗು 3ರಿಂದ 5 ವರ್ಷದ್ದಾಗುವವರೆಗೆ ಕಾಯುವುದು ಸಾಮಾನ್ಯ. ದವಡೆ-ಮಿಟುಕು ತೀವ್ರವಾಗಿರುವವರಲ್ಲಿ ಲಿವೇಟರ್ ಸ್ನಾಯುವನ್ನು ಮೊಟಕುಗೊಳಿಸಿದರೆ ಮಿಟುಕು ಇನ್ನಷ್ಟು ಎದ್ದುಕಾಣಬಹುದು. ಆದ್ದರಿಂದ ದಾರಿತಪ್ಪಿದ ಆಜ್ಞೆ ತಲುಪದಂತೆ ಆ ಸ್ನಾಯುವನ್ನು ಬಿಡಿಸಿ, ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಜೋಡಿಸಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ದವಡೆಯ ಚಲನೆಯನ್ನು ತಪ್ಪದೆ ಪರೀಕ್ಷಿಸುವುದು ಇದಕ್ಕಾಗಿಯೇ. 1883ರ ಚಿಕ್ಕ ವರದಿಯ ಪ್ರಾಯೋಗಿಕ ಬೆಲೆ ಇಲ್ಲಿ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಮಗು ನಿದ್ರಿಸುವಾಗ ಕಣ್ಣು ಪೂರ್ತಿ ಮುಚ್ಚದೆ ಇರಬಹುದು. ಕಣ್ಣು ಒಣಗಿ ಹುಣ್ಣಾಗದಂತೆ ವೈದ್ಯರು ಹೇಳಿದ ಹನಿಗಳನ್ನೂ ಮುಲಾಮನ್ನೂ ರಾತ್ರಿ ತಪ್ಪದೆ ಹಾಕಬೇಕಾಗುತ್ತದೆ. ಕಣ್ಣು ಕೆಂಪಾದರೆ, ಮಗು ಬೆಳಕನ್ನು ಸಹಿಸದಿದ್ದರೆ ಕೂಡಲೇ ತೋರಿಸಬೇಕು. ರೆಪ್ಪೆ ಎದ್ದ ಮಾತ್ರಕ್ಕೆ ಮಂದದೃಷ್ಟಿ ವಾಸಿಯಾಗುವುದಿಲ್ಲ. ಕನ್ನಡಕ ಮತ್ತು ಪಟ್ಟಿಯ ಚಿಕಿತ್ಸೆಯನ್ನು ವೈದ್ಯರು ನಿಲ್ಲಿಸುವವರೆಗೂ ಮುಂದುವರಿಸಬೇಕು.

ಇತರ ಸಂಶೋಧನೆಗಳು

ಗನ್ ಅವರು 1892ರಲ್ಲಿ ಮತ್ತು ಮತ್ತೆ 1898ರಲ್ಲಿ ಅಕ್ಷಿಪಟಲದ ರಕ್ತನಾಳಗಳ ಬಗ್ಗೆ ಮಹತ್ವದ ವಿವರಗಳನ್ನು ಪ್ರಕಟಿಸಿದರು. ಮೂತ್ರಪಿಂಡದ ದೀರ್ಘಕಾಲದ ರೋಗವುಳ್ಳವರಲ್ಲಿಯೂ ರಕ್ತನಾಳಗಳು ಗಡುಸಾದವರಲ್ಲಿಯೂ, ಅಪಧಮನಿಯು ಅಭಿಧಮನಿಯನ್ನು ದಾಟುವ ಜಾಗದಲ್ಲಿ ಅಭಿಧಮನಿ ಹಿಸುಕಿದಂತೆ ಕಾಣುವುದನ್ನು ಅವರು ಗುರುತಿಸಿದರು. ಇದೇ ಗನ್ ಚಿಹ್ನೆ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೋಚ್ಚಿ ಪ್ರಕಟಿಸಿದ್ದು 1896ರಲ್ಲಿ. ಅದಕ್ಕೂ ಮೊದಲೇ ಗನ್ ಅವರು ಕಣ್ಣಿನೊಳಗೆ ಇಣುಕಿ ಅಧಿಕ ಒತ್ತಡದ ಗುರುತನ್ನು ಓದಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಪಾಪೆಯ ವರ್ತನೆಯ ಕಡೆಗೆ ಗಮನ ಹರಿಸಿದರು. ದೃಷ್ಟಿನರಕ್ಕೆ ಹಾನಿಯಾದ ಕಣ್ಣಿನ ಮೇಲೆ ಬೆಳಕು ಬಿದ್ದೇ ಇದ್ದರೂ ಅದರ ಪಾಪೆ ಕಿರಿದಾಗಿ ಉಳಿಯದೆ ಮತ್ತೆ ಹಿಗ್ಗುವುದನ್ನು ಅವರು ಕಂಡರು. ನಿಜವಾಗಿ ದೃಷ್ಟಿ ಹೋದವರನ್ನೂ, ನರದಲ್ಲಿ ದೋಷವಿಲ್ಲದೆ ಮಾನಸಿಕ ಕಾರಣದಿಂದ ಕಾಣುವುದಿಲ್ಲ ಎನ್ನುವವರನ್ನೂ ಬೇರ್ಪಡಿಸಲು ಇದು ನೆರವಾಯಿತು. 1959ರಲ್ಲಿ ಲೆವಾಟಿನ್ ಅವರು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಟಾರ್ಚ್ ಬೆಳಕನ್ನು ತೂಗಾಡಿಸಿ ನೋಡುವ ಕ್ರಮವನ್ನು ವಿವರಿಸಿದ ಬಳಿಕ ಈ ಪರೀಕ್ಷೆ ಇನ್ನಷ್ಟು ಸುಲಭವಾಯಿತು. ಗನ್ ಚುಕ್ಕೆಗಳೆಂಬುವು ಎಳೆಯ ವಯಸ್ಸಿನವರ ಅಕ್ಷಿಪಟಲದ ಮೇಲ್ಪದರದಲ್ಲಿ ಬೆಳಕು ಪ್ರತಿಫಲಿಸಿ ಕಾಣುವ ಸಣ್ಣ ಬಿಂದುಗಳು. ಅವು ರೋಗವಲ್ಲವೆಂದು ತಿಳಿದಿರುವುದೇ ಅವುಗಳ ಪ್ರಯೋಜನ.

ಮಾರ್ಕಸ್ ಗನ್ ಪಾಪೆ ಮತ್ತು ದವಡೆ-ಮಿಟುಕು ಎರಡೂ ಒಬ್ಬರದೇ ಹೆಸರಿನಲ್ಲಿದ್ದರೂ ಅವುಗಳ ನಡುವೆ ಸಂಬಂಧವಿಲ್ಲ. ಮೊದಲನೆಯದು ದೃಷ್ಟಿನರದ ದೋಷವನ್ನು ಸೂಚಿಸುತ್ತದೆ, ಎರಡನೆಯದು ರೆಪ್ಪೆಯ ನರದ ಜೋಡಣೆಯನ್ನು. ವಿದ್ಯಾರ್ಥಿಗಳು ಇವೆರಡನ್ನು ಬೆರೆಸಿಕೊಳ್ಳಬಾರದು.

ಪಳೆಯುಳಿಕೆಗಳ ಸಂಗ್ರಹ

ಬಿಡುವಿನ ವೇಳೆಯಲ್ಲಿ ಗನ್ ಅವರು ಸ್ಕಾಟ್ಲೆಂಡಿನ ಸದರ್ಲೆಂಡ್ ಕರಾವಳಿಯ ಜುರಾಸಿಕ್ ಯುಗದ ಬಂಡೆಗಳಿಂದ ಸಸ್ಯ ಪಳೆಯುಳಿಕೆಗಳನ್ನು ಸಂಗ್ರಹಿಸಿದರು. ಅವರ ಸಂಗ್ರಹವನ್ನು ಕೇಂಬ್ರಿಜ್‌ನ ಸಸ್ಯವಿಜ್ಞಾನಿ ಎ. ಸಿ. ಸೀವರ್ಡ್ ಅಧ್ಯಯನ ಮಾಡಿ, ಸದರ್ಲೆಂಡ್‌ನ ಜುರಾಸಿಕ್ ಸಸ್ಯಗಳ ಕುರಿತ ತಮ್ಮ ಪ್ರಬಂಧವನ್ನು 1911ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಗನ್ ತೀರಿಕೊಂಡಿದ್ದರು.

ಕೊನೆಯ ವರ್ಷಗಳು ಮತ್ತು ನಿಧನ

1907ರಲ್ಲಿ ಗನ್ ಅವರು ಬ್ರಿಟನ್ನಿನ ನೇತ್ರವೈದ್ಯರ ಸಂಘದ ಅಧ್ಯಕ್ಷರಾದರು. ಆ ಬಾಲಕಿಯ ವಿಷಯವನ್ನು ಅವರು 33ನೆಯ ವಯಸ್ಸಿನ ಆಸುಪಾಸಿನಲ್ಲಿ ತಿಳಿಸಿದ್ದು ಇದೇ ಸಂಘಕ್ಕೆ. 1909ರ ಜನವರಿಯಲ್ಲಿ ಅವರ ಗುರು ಆರ್ಗೈಲ್ ರಾಬರ್ಟ್‌ಸನ್ ಭಾರತದ ಗೊಂಡಲ್ ಸಂಸ್ಥಾನದಲ್ಲಿ ನಿಧನರಾದರು. ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಪಡೆದಿದ್ದ ಗೊಂಡಲ್‌ನ ರಾಜ ಭಗವತ್‌ಸಿಂಹಜಿ ಅವರ ಅತಿಥಿಯಾಗಿ ಅವರು ಅಲ್ಲಿಗೆ ಬಂದಿದ್ದರು. ಅದೇ ವರ್ಷದ ನವೆಂಬರ್ 29ರಂದು ಶಿಷ್ಯ ಗನ್ ಕೂಡ ಇಂಗ್ಲೆಂಡಿನಲ್ಲಿ ಕೊನೆಯುಸಿರೆಳೆದರು.

ಮಹತ್ವ

ಗನ್ ಅವರು ಹೊಸ ಉಪಕರಣವನ್ನಾಗಲಿ ಪ್ರಸಿದ್ಧ ಶಸ್ತ್ರಚಿಕಿತ್ಸೆಯನ್ನಾಗಲಿ ಬಿಟ್ಟುಹೋದವರಲ್ಲ. ಅವರ ಕೊಡುಗೆಯೆಲ್ಲ ಗಮನವಿಟ್ಟು ನೋಡಿದ್ದರ ಫಲ. ದವಡೆ-ಮಿಟುಕನ್ನು ಗುರುತಿಸಲು ಮಗುವಿನ ಮುಖ ಮತ್ತು ಒಂದು ಗುಟುಕು ಹಾಲು ಸಾಕು. ಪಾಪೆಯ ದೋಷವನ್ನು ಗುರುತಿಸಲು ಒಂದು ದೀಪ ಸಾಕು. ದೊಡ್ಡ ಯಂತ್ರಗಳಿಲ್ಲದ ಊರಿನ ಚಿಕ್ಕ ಆಸ್ಪತ್ರೆಯಲ್ಲಿಯೂ ಈ ಪರೀಕ್ಷೆಗಳನ್ನು ಮಾಡಬಹುದಾದ್ದರಿಂದ ಒಂದು ಶತಮಾನ ಕಳೆದರೂ ಇವು ಬಳಕೆಯಲ್ಲಿವೆ. ಅವರ ವರದಿಯಲ್ಲಿರುವ ಬಾಲಕಿಯ ಮುಂದಿನ ಬದುಕು ವೈದ್ಯಗ್ರಂಥಗಳಲ್ಲಿ ದಾಖಲಾಗಿಲ್ಲ. ಆದರೆ ಅವಳಲ್ಲಿ ಕಂಡ ಸಂಗತಿಯು ಅವಳಂತೆಯೇ ಹುಟ್ಟುವ ಮಕ್ಕಳ ರೆಪ್ಪೆಗೆ ಯಾವ ಚಿಕಿತ್ಸೆ ಸೂಕ್ತವೆಂದು ತೀರ್ಮಾನಿಸಲು ಇಂದಿಗೂ ನೆರವಾಗುತ್ತಿದೆ.